ಗುಲಾಬ್ ಸಾಬರ ದಿಂಬಿನಲ್ಲಿ ಆರು ಮಾತ್ರೆ

ನಮ್ಮ ಶಿಕಾರಿಪುರದ ಗುಲಾಬ್ ಸಾಬ್ ಹೊಲಿದ ಗಾದಿಯ ಮೇಲೆ ಸೋಮವಾರ ಮಲಗಿದವರು ಗುರುವಾರ ಎದ್ದು, ಇನ್ನೂ ಬೆಳಗಾಗಲಿಲ್ಲವೇ ಎಂದು ಕೇಳುತ್ತಾರೆ. ಅವರ ಹೊಲಿಗೆ ಹುಡುಕಲು ಇರುವೆಗೂ ಕನ್ನಡಕ ಬೇಕು.

ಸೊರಬಕ್ಕೆ ಗಾದಿ ಕೊಡಲು ಹೋದ ಸಾಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ನೋಡಲು ಬಂದವರೊಬ್ಬರು, ಅದು ರಕ್ತ ತೆಳು ಮಾಡುವ ಮಾತ್ರೆ ಎಂದುಬಿಟ್ಟರು. ಸಾಬರಿಗೆ ಹೆದರಿಕೆ ಹತ್ತಿತು. ಹೆಂಡತಿ ಜೈಬುನ್ನೀಸಾ ಕೊಟ್ಟ ಮಾತ್ರೆಯನ್ನು ನುಂಗಿದಂತೆ ಮಾಡಿ, ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯೊಳಗೆ ತುರುಕಿ, ಮತ್ತೆ ಹೊಲಿದುಬಿಡುತ್ತಿದ್ದರು.

ಏಳನೇ ದಿನ ಎಡಗಾಲಿನ ಮೀನಖಂಡ ಊದಿಕೊಂಡು ನೋಯತೊಡಗಿತು. ಜೈಬುನ್ನೀಸಾ ತಿಕ್ಕಲು ಎಣ್ಣೆ ತಂದರು. ಅಷ್ಟರಲ್ಲಿ ಬಂದ ಆಶಾ ಕಾರ್ಯಕರ್ತೆ ನಾಗಶ್ರೀ, ಕಾಲು ತಿಕ್ಕಲೇಬಾರದು ಎಂದು ತಡೆದು, ಮಾತ್ರೆಯ ಬಗ್ಗೆ ವಿಚಾರಿಸಿದಳು. ತಪ್ಪದೆ ನುಂಗುತ್ತಿದ್ದೇನೆ ಎಂದರು ಸಾಬರು.

ದಿಂಬು ಸರಿಮಾಡುತ್ತಿದ್ದ ಜೈಬುನ್ನೀಸಾರ ಕೈ ಅಲ್ಲೇ ನಿಂತಿತು.

"ಈ ಹೊಲಿಗೆ ಹೊಸದು. ನಲವತ್ತು ವರ್ಷದಿಂದ ನಿಮ್ಮ ಕೈ ನೋಡಿದೀನ್ರೀ."

ಕತ್ತರಿ ಹಾಕಿದರೆ ಆರು ಮಾತ್ರೆ ಉದುರಿದವು.

"ರಕ್ತ ನೀರಾದ್ರೆ ಸೂಜಿ ಹೆಂಗ್ ಹಿಡೀಲಿ ಮಗಳೇ?" ಎಂದರು ಸಾಬರು, ತಲೆ ತಗ್ಗಿಸಿ.

"ನೀರಾಗಲ್ಲ ಚಾಚಾ. ಆಪರೇಷನ್ ಆಗಿ ಮಲಗಿದೋರ ಕಾಲಲ್ಲಿ ರಕ್ತ ಗಂಟು ಕಟ್ಟುತ್ತೆ, ಹಳೇ ಗಾದಿ ಹತ್ತಿ ಗಂಟು ಕಟ್ಟಲ್ವಾ, ಹಂಗೆ. ಆ ಗಂಟು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದನ್ನ ತಡಿಯೋಕೇ ಈ ಮಾತ್ರೆ."

"ಹಂಗಾದ್ರೆ ಆರೂ ಒಟ್ಟಿಗೆ ಕೊಡು, ನುಂಗ್ತೀನಿ."

"ಅದೂ ಅಪಾಯನೇ. ಈಗ್ಲೇ ಆಸ್ಪತ್ರೆಗೆ ನಡೀರಿ."

ಸ್ಕ್ಯಾನ್ ಮಾಡಿದಾಗ ಗಂಟು ಕಾಲಿನಲ್ಲೇ ಇತ್ತು. ಚಿಕಿತ್ಸೆ ಆಯಿತು. ಮೂರು ತಿಂಗಳಿಗೆ ಸಾಬರು ನಡೆದುಕೊಂಡೇ ಅಂಗಡಿಗೆ ಬಂದರು. ಈಗ ಗಿರಾಕಿಗಳಿಗೆ ಗಾದಿಗಿಂತ ಮೊದಲು ಹೆಂಡತಿಯ ಸುದ್ದಿ.

"ನನ್ನ ಹೊಲಿಗೆ ಕಂಡುಹಿಡಿದೋಳು ಜಿಲ್ಲೆಗೆ ಒಬ್ಬಳೇ," ಎಂದು ಎದೆಯುಬ್ಬಿಸುತ್ತಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮೂಳೆ ಆಪರೇಷನ್ ಆಗಿದೆಯೇ? ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ನುಂಗಿಸಿ. ಮರೆತರೆ ಅವರನ್ನೇ ಕೇಳಿ, ಎರಡೆರಡು ಕೊಡಬೇಡಿ. ಡಾಕ್ಟರು ಹೇಳಿದಂತೆ ರೋಗಿಯನ್ನು ದಿನಾ ನಡೆದಾಡಿಸಿ. ರಕ್ತ ಸೋರಿದರೆ, ಕಾಲು ಊದಿದರೆ, ಎದೆ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಗಂಟಲೊಳಗೆ ಇಳಿಯುವ ತನಕ ಪಕ್ಕದಲ್ಲೇ ನಿಲ್ಲಿ.