ಡೆಲ್ಬರ್ಟ್ ಎರಡನೆಯ ಸಲ ಸತ್ತಾಗ

ವರ್ಜಿಲ್ ಶವದ ಗಾಡಿಯ ಅಡಿಗೆ ಬಗ್ಗಿ, ಕ್ಯಾಮೆರಾದ ವೈರು ಗೀರು ಏನಾದರೂ ಎಳೆದಿದ್ದಾರೋ ಎಂದು ನೋಡುತ್ತಿದ್ದ. ಎಪ್ಪತ್ತು ದಾಟಿದ ಮೊಣಕಾಲು. ಬಗ್ಗಿದ್ದಾಯಿತು, ಏಳುವುದೇ ಕಷ್ಟವಾಗಿತ್ತು. ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದ ಓಲೀಟಾಳಿಗೆ ಅಳುವ ಹೊತ್ತಿನಲ್ಲೂ ಸಿಟ್ಟು ಬಂತು.

"ಏನ್ ಹುಡುಕ್ತಿದೀರಿ ಭಾವ?"

"ನಿನ್ ಗಂಡನ್ನ ಕೇಳು."

"ಅವರು ಒಳಗೆ ಪೆಟ್ಟಿಗೇಲಿದಾರೆ. ನಿಮ್ಮ ತಮ್ಮ ನಿಜವಾಗ್ಲೂ ಹೋಗ್ಬಿಟ್ರು."

"ಹೋದ್ಸಲಾನೂ ಹಿಂಗೇ ಅಂದಿದ್ದೆ. ಇದೇ ಕರೀ ಲಂಗಾನೇ ಹಾಕಿದ್ದೆ."

ಕೆಂಟಕಿಯ ಈ ಬೆಟ್ಟಗಳಲ್ಲಿ ಒಡಹುಟ್ಟಿದವನು ಮುಖ ನೋಡುವ ತನಕ ಪೆಟ್ಟಿಗೆ ಮುಚ್ಚುವಂತಿಲ್ಲ. ಒಳಗೆ ಪಾದ್ರಿ ಅದೇ ಹಾಡನ್ನು ಮತ್ತೆ ಮೊದಲಿಂದ ಹಾಡಿಸುತ್ತಿದ್ದ.

ಡೆಲ್ಬರ್ಟನ ಜೊತೆ ಟೀವಿಯಲ್ಲಿ ಬ್ಯಾಂಜೊ ನುಡಿಸುತ್ತಿದ್ದ ಹಾಯ್ಟ್ ಹೊರಗೆ ಬಂದು ಅವಳ ಕಿವಿಯಲ್ಲಿ ಉಸುರಿದ: "ತಪ್ಪು ತಿಳೀಬೇಡಮ್ಮ. ನಾನೂ ಅವನ ಕಾಲ್ಬೆರಳು ಚಿವುಟಿ ನೋಡ್ದೆ."

*

'ಶನಿವಾರದ ಕಣಜ' ಅನ್ನುವ ಟೀವಿ ಕಾರ್ಯಕ್ರಮದಲ್ಲಿ ಒಣಹುಲ್ಲಿನ ಪಿಂಡಿಗಳ ಮೇಲೆ ಕೂತು ದೊಡ್ಡ ದೊಡ್ಡವರು ಹಾಡುತ್ತಿದ್ದರು. ಹಾಡು ಹಾಡಿನ ನಡುವೆ, ಒಂದು ಹಲ್ಲಿಗೆ ಕಪ್ಪು ಬಳಿದುಕೊಂಡು ಬಂದು ನಗಿಸುವುದು ಡೆಲ್ಬರ್ಟನ ಕೆಲಸ. ಒಂದು ವರ್ಷ ನಗೆ ಖಾಲಿಯಾಯಿತು. ನಿಜವಾದದ್ದೇನಾದರೂ ಕೊಡು, ಇಲ್ಲವೇ ಜಾಗ ಬಿಡು ಎಂದರು ಮೇಲಿನವರು. ಅವನು ಕೊಟ್ಟದ್ದು ಅಣ್ಣನನ್ನು.

ಡೆಲ್ಬರ್ಟ್ ಸತ್ತನೆಂದು ಅಣ್ಣನಿಗೆ ಫೋನ್ ಮಾಡಿದವಳು ಓಲೀಟಾ. ಅಳುವುದನ್ನು ಗಂಡನೇ ಕಲಿಸಿಕೊಟ್ಟಿದ್ದ. ವರ್ಜಿಲ್ ಹೊಗೆಸೊಪ್ಪಿನ ಕೊಯ್ಲು ಅರ್ಧಕ್ಕೆ ಬಿಟ್ಟು ತಮ್ಮನಿದ್ದ ನ್ಯಾಶ್‌ವಿಲ್‌ಗೆ ಓಡಿ ಬಂದ. ಲಿಲ್ಲಿ ಹೂವುಗಳ ನಡುವೆ ಕ್ಯಾಮೆರಾ ಇತ್ತು. ಅವನು ಪೆಟ್ಟಿಗೆಯ ಮುಂದೆ ಕುಸಿದು, "ಏಳೋ ಮರಿ, ಅಪ್ಪನ ಹೊಲದಲ್ಲಿ ನನ್ನ ಪಾಲೂ ನಿಂಗೇ ಬರ್ಕೊಡ್ತೀನಿ, ಏಳೋ" ಎಂದು ಗೋಳಾಡಿದ.

ಡೆಲ್ಬರ್ಟ್ ಎದ್ದು ಕೂತ. "ಎಲ್ರೂ ಕೇಳಿಸ್ಕೊಂಡ್ರಲ್ಲಪ್ಪ?" ಎಂದ. ಪಿಟೀಲು ಶುರುವಾಯಿತು.

ದೇಶವೇ ನಕ್ಕಿತು. ಆಮೇಲೆ ವರ್ಜಿಲ್ ಪೇಟೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಹೊಲ ಬರ್ಕೊಟ್ಟಾಯ್ತಾ?" ತಮ್ಮ ಎಷ್ಟೋ ಸಲ ಫೋನ್ ಮಾಡಿದ. ದನಿ ಕೇಳಿದ ಕೂಡಲೇ ವರ್ಜಿಲ್ ಇಟ್ಟುಬಿಡುತ್ತಿದ್ದ. ಅವನ ಜಾಗದಲ್ಲಿ ಯಾರಿದ್ದರೂ ಇಟ್ಟುಬಿಡುತ್ತಿದ್ದರು.

*

ಓಲೀಟಾ ಮೆಟ್ಟಿಲಿಳಿದು ಬಂದಳು.

"ಅವತ್ತು ನನ್ನ ದನಿ ನಂಬಿ ಕೆಟ್ರಿ. ಇವತ್ತು ನಂಬೋದೇ ಬೇಡ. ನಿಮ್ ಕಣ್ಣಿಂದ ನೋಡಿ. ಮೋಸ ಅಂತ ಕಂಡ್ರೆ ನನ್ ಮುಖಕ್ಕೆ ಉಗೀರಿ. ನೋಡ್ದೆ ಮಾತ್ರ ಹೋಗ್ಬೇಡಿ ಭಾವ. ಅವರನ್ನ ಹಂಗೇ ಕಳ್ಸೋಕೆ ನನ್ ಕೈಲಾಗಲ್ಲ."

ವರ್ಜಿಲ್ ಒಳಗೆ ಬಂದ. ಹೂಮಾಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಪರದೆ ಸರಿಸಿದ. ಹಾಡು ತಾನಾಗಿಯೇ ನಿಂತಿತು. ಬೆಂಚುಗಳಲ್ಲಿ ಕೂತವರು ತುಟಿ ಬಿಗಿಹಿಡಿದು ಪೆಟ್ಟಿಗೆಯತ್ತಲೇ ನೋಡುತ್ತಿದ್ದರು. ಎಲ್ಲರ ಹೊಟ್ಟೆಯಲ್ಲೂ ಅದೇ ಅನುಮಾನ ಇದ್ದದ್ದು ಅವನಿಗೆ ಗೊತ್ತಾಯಿತು.

ಕೊನೆಗೆ ಮುಖ ನೋಡಿದ. ಕೆನ್ನೆ ಗುಲಾಬಿ, ತುಟಿ ಕೆಂಪು.

"ನೋಡ್ರೋ! ಟೀವಿಗೆ ಬಳಿಯೋ ಬಣ್ಣ ಇದು!"

"ಎಲ್ಲಾ ಹೆಣಕ್ಕೂ ಹಚ್ತಾರೆ ಭಾವ."

ವರ್ಜಿಲ್ ಕರ್ಚೀಫು ತೆಗೆದು, ಮೂಲೆಗೆ ಉಗುಳು ತಾಗಿಸಿ, ಒಂದು ಕೆನ್ನೆ ಒರೆಸಿದ. ಗುಲಾಬಿಯ ಕೆಳಗೆ ಮೇಣದಂತೆ ಬಿಳಿಚಿದ ಚರ್ಮ ಕಂಡಿತು. ಇನ್ನೊಂದು ಕೆನ್ನೆ ಒರೆಸಿದ. ಅಲ್ಲೂ ಅದೇ. ಆಮೇಲೆ ತುಟಿ, ಹಣೆ. ಕಣ್ಣಿಂದ ತೊಟ್ಟಿಕ್ಕುತ್ತಿದ್ದುದರಿಂದ ಕರ್ಚೀಫಿಗೆ ಈಗ ಉಗುಳು ಬೇಕಾಗಲಿಲ್ಲ.

ಪಾದ್ರಿ ಮುಚ್ಚಳಕ್ಕೆ ಕೈ ಹಾಕಿದ. ಓಲೀಟಾ ಅವನ ತೋಳು ಹಿಡಿದಳು.

"ತಡೀರಿ," ಎಂದ ವರ್ಜಿಲ್. ತಮ್ಮನ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿ, ಬಣ್ಣವೇ ಇಲ್ಲದ ಕಿವಿಯ ಹಿಂದೆ ಒರೆಸತೊಡಗಿದ.