ನೀಲಿ ಬಟ್ಟೆ ಸಾಲಲಿಲ್ಲ

ಎಲ್ಲ ಶುರುವಾದದ್ದು ಬಟ್ಟೆ ಸಾಲದೆ ಹೋದದ್ದರಿಂದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತು ಹೆಂಗಸರಿದ್ದರು. ಕೂದಲು ಮೆಷಿನ್ನಿಗೆ ಸಿಕ್ಕಬಾರದೆಂದು ಸೂಪರ್‌ವೈಸರ್ ಎಲ್ಲರಿಗೂ ಸ್ಕಾರ್ಫು ಹೊಲಿಸಿದ. ನೀಲಿ ಬಟ್ಟೆ ಹತ್ತು ತಲೆಗೇ ಮುಗಿದುಹೋಯಿತು. ಉಳಿದ ಹತ್ತಕ್ಕೆ ಹಳದಿ ತಂದ. ನೋಡಲು ಚೆಂದವೆಂದು ಬೆಡ್‌ಶೀಟನ್ನು ಒಳಗೆಳೆದು ಇಸ್ತ್ರಿ ಮಾಡುವ ಎರಡು ಬಿಸಿ ರೋಲರುಗಳಲ್ಲಿ ಎಡಗಡೆಯದಕ್ಕೆ ನೀಲಿಯವರನ್ನೂ ಬಲಗಡೆಯದಕ್ಕೆ ಹಳದಿಯವರನ್ನೂ ನಿಲ್ಲಿಸಿದ. ಅಷ್ಟೇ ವಿಷಯ.

ಅಕ್ಕನಿಗೆ ನೀಲಿ ಬಂತು, ತಂಗಿಗೆ ಹಳದಿ. ಅಕ್ಕ ಅಲ್ಲಿ ಒಂಬತ್ತು ವರ್ಷದ ಹಳಬಳು; ಕೈಕಾಲು ಹಿಡಿದು ತಂಗಿಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಇಬ್ಬರದ್ದೂ ಒಂದೇ ಕೋಣೆಯ ಮನೆ, ಅದರಲ್ಲೊಂದು ಅಂಗೈಯಗಲದ ಕನ್ನಡಿ. ಬೆಳಿಗ್ಗೆ ಅಕ್ಕ ಬೆನ್ನು ತಿರುಗಿಸಿ ನಿಂತರೆ ತಂಗಿ ಅವಳ ಸ್ಕಾರ್ಫಿಗೆ ಹಿಂದಿನಿಂದ ಗಂಟು ಹಾಕುವಳು. ಆಮೇಲೆ ತಂಗಿ ತಿರುಗುವಳು, ಅಕ್ಕ ಹಾಕುವಳು.

"ಬಿಗಿಯಾಗಿ ಕಟ್ಟೇ ಹಳದಿ!"

"ಸುಮ್ನೆ ನಿಲ್ಲೇ ನೀಲಿ, ಜೀವ ತಿನ್ಬೇಡ!"

ಹೀಗೆ ನಗುತ್ತಲೇ ಹೊರಟಿದ್ದವರು ಪಾಪ. ಸೂಪರ್‌ವೈಸರ್ ಮಹಾಶಯನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ದಿನಕ್ಕೆ ಯಾವ ಬಣ್ಣದವರು ಎಷ್ಟು ಬೆಡ್‌ಶೀಟು ಇಸ್ತ್ರಿ ಮಾಡಿ ತೆಗೆದರೆಂದು ಬೋರ್ಡಿನ ಮೇಲೆ ಬರೆಯತೊಡಗಿದ. ಗೆದ್ದವರು ಮರುದಿನ ಮೊದಲು ಊಟಕ್ಕೆ ಕೂರಬಹುದು. ಒಂದು ತಿಂಗಳಾಗುವುದರೊಳಗೆ ಹಳದಿಯವರು ಸೋಮಾರಿಗಳು ಎನ್ನುವುದು ನೀಲಿಯವರಿಗೆ ಖಾತ್ರಿಯಾಯಿತು. ಎರಡು ತಿಂಗಳಿಗೆ, ನೀಲಿಯವರು ಕಳ್ಳಿಯರು ಎನ್ನುವುದು ಹಳದಿಯವರಿಗೆ. ನೀರಿನ ಲೋಟ ಬೇರೆಯಾಯಿತು. ಚಪ್ಪಲಿ ಬಿಡುವ ಜಾಗವೂ ಬೇರೆಯಾಯಿತು.

ನೀಲಿಯವರಿಗೆ ಒಬ್ಬಳು ಮುಂದಾಳು ಹುಟ್ಟಿಕೊಂಡಳು. ರೋಲರಿನ ಸದ್ದನ್ನೂ ಮೀರಿಸುವ ಅವಳ ದನಿಗಾಗಿ ಗಂಟಲಮ್ಮ ಎಂದು ಹೆಸರು ಬಿದ್ದಿತ್ತು. ಕಟ್ಟಪ್ಪಣೆ ಹೊರಟದ್ದೂ ಅವಳ ಬಾಯಿಂದಲೇ: "ಅವರ ಮೆಷಿನ್ ನಾವು ಮುಟ್ಟೋದು ಬೇಡ, ನಮ್ಮದನ್ನ ಅವರು ಮುಟ್ಟೋದು ಬೇಡ."

ಒಂದು ದಿನ ಹಳದಿಯವರ ಬಟ್ಟೆಗಾಡಿ ಮಗುಚಿತು. ನೀಲಿಯವರಲ್ಲೇ ಹಿರಿಯಳಾದ ಅಜ್ಜಿ ಅಭ್ಯಾಸಬಲದಿಂದ ಹೋಗಿ ಕೈ ಹಾಕಿ ಎತ್ತಿದಳು. ಊಟದ ಹೊತ್ತಿಗೆ ಗಂಟಲಮ್ಮ ಅಜ್ಜಿ ಕೂತ ಬೆಂಚಿನಿಂದೆದ್ದು ದೂರ ಕುಳಿತಳು. ಉಳಿದವರೂ ಎದ್ದರು. ಬಂದ ಹೊಸದರಲ್ಲಿ ಅಕ್ಕನಿಗೆ ಬೆಡ್‌ಶೀಟು ಮಡಚುವುದನ್ನು ಕೈ ಹಿಡಿದು ಕಲಿಸಿದವಳು ಆ ಅಜ್ಜಿ. ಅಕ್ಕನೂ ಎದ್ದಳು. ಇಪ್ಪತ್ತೆರಡು ದಿನ ಒಬ್ಬಳೇ ಕುಳಿತು ಉಂಡ ಅಜ್ಜಿ ಇಪ್ಪತ್ತಮೂರನೆಯ ದಿನ ಕೆಲಸಕ್ಕೆ ಬರಲಿಲ್ಲ. ಅಕ್ಕನಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಷ್ಟೇ.

ಅವತ್ತು ಸಂಜೆ ಮನೆಯಲ್ಲಿ ತಂಗಿ ಕೇಳಿದಳು. "ಅಕ್ಕಾ, ಮೆಟ್ಟಿಲ ಹತ್ರ ನನ್ನ ನೋಡಿಯೂ ನೋಡದ ಹಾಗೆ ಹೋದ್ಯಲ್ಲ?"

"ಅಲ್ಲಿ ಹಾಗೇ ಇರ್ಬೇಕು ಕಣೇ, ನಿಂಗೆ ಗೊತ್ತಾಗಲ್ಲ. ಮನೇಲಿ ನಿನ್ನ ಅಕ್ಕ ತಾನೇ ನಾನು?"

ತಂಗಿ ದೀಪ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದಳು. ಬೆಳಿಗ್ಗೆ ಗಂಟು ಮಾತ್ರ ಹಾಕಿದಳು.

ಅದಾಗಿ ಒಂದು ವಾರ. ಮಧ್ಯಾಹ್ನ ಹಳದಿಯವರೆಲ್ಲ ಆಚೆ ತುದಿಯಲ್ಲಿ ಒಗೆಯುವ ಮೆಷಿನ್ನಿನಿಂದ ಬಟ್ಟೆ ತೆಗೆಯುತ್ತಿದ್ದರು. ತಂಗಿಯೊಬ್ಬಳೇ ರೋಲರಿಗೆ ಬೆಡ್‌ಶೀಟು ಕೊಡುತ್ತಿದ್ದಳು. ಶೀಟಿನ ಮಡಿಕೆಯ ಜೊತೆ ಅವಳ ರವಿಕೆಯ ತೋಳಿನ ಅಂಚೂ ಒಳಗೆ ಹೋಯಿತು, ಹಿಂದೆಯೇ ಕೈ. ತಂಗಿ ಕಿರುಚಿದಳು.

"ಅಕ್ಕಾ!"

ಹಳದಿಯವರ ಮೆಷಿನ್ ನಿಲ್ಲಿಸುವ ಕೆಂಪು ಗುಂಡಿ ಅಕ್ಕನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಅಕ್ಕ ಒಂದು ಹೆಜ್ಜೆ ಇಟ್ಟಳು ಕೂಡ. ಇಟ್ಟು, ತಿರುಗಿ ಗಂಟಲಮ್ಮನ ಮುಖ ನೋಡಿದಳು.

ಗಂಟಲಮ್ಮ ಬೇಡ ಅನ್ನಲಿಲ್ಲ, ಸತ್ಯಕ್ಕೂ ಅನ್ನಲಿಲ್ಲ. ಅವಳ ಬಾಯಿ ತೆರೆದೇ ಇತ್ತು, ಅದರಿಂದ ದನಿಯೇ ಬರಲಿಲ್ಲ. ಅವಳು ಉಳಿದವರ ಮುಖ ನೋಡಿದಳು, ಉಳಿದವರು ಅವಳ ಮುಖ ನೋಡಿದರು. ಒಂಬತ್ತು ನೀಲಿ ತಲೆಗಳು ಒಂದರ ಮುಖ ಒಂದು ನೋಡುತ್ತ ನಿಂತವು. ಥೂ! ಅಷ್ಟರಲ್ಲಿ ಬಟ್ಟೆಗಾಡಿ ತಳ್ಳಿಕೊಂಡು ಒಳಗೆ ಬಂದ ಗಾಡಿಯವನು ಗಾಡಿ ಬಿಟ್ಟು ಓಡಿಬಂದು ಗುಂಡಿ ಒತ್ತಿದ. ಅವನ ತಲೆಯ ಮೇಲೆ ಯಾವ ಬಣ್ಣವೂ ಇರಲಿಲ್ಲ.

"ಏನ್ರಮ್ಮಾ, ಕಣ್ಣು ಕಾಣ್ಸಲ್ವಾ ನಿಮ್ಗೆ?" ಎಂದು ಅವನು ಬೈದ.

ತಂಗಿಯನ್ನು ಮೇಲಿನ ಅಂತಸ್ತಿಗೇ ಒಯ್ದರು. ಬಲಗೈಯ ಮೂರು ಬೆರಳು ತೆಗೆದರು. ಉಳಿದೆರಡು ಸುಟ್ಟು ಮುರುಟಿದ್ದವು. ಅವಳನ್ನು ಮಲಗಿಸಿದ ಬೆಡ್‌ಶೀಟಿಗೆ ಇಸ್ತ್ರಿ ಹಾಕಿದವರು ನೀಲಿಯವರೋ ಹಳದಿಯವರೋ, ಯಾರು ಹೇಳಬಲ್ಲರು! ಅಕ್ಕ ಎರಡು ದಿನ ಹಾಸಿಗೆಯ ಪಕ್ಕ ಕೂತಳು. ಗಂಟಲಮ್ಮ ಹಣ್ಣು ಹಿಡಿದುಕೊಂಡು ಬಂದು, "ನಿನ್ನ ತಪ್ಪೇನಿಲ್ಲಮ್ಮಾ, ಅವರು ಮೆಷಿನ್ ಸರಿಯಾಗಿ ಇಟ್ಕೊಂಡಿಲ್ಲ," ಎಂದು ಸಮಾಧಾನ ಹೇಳಿದಳು. ನಾಚಿಕೆಗೆಟ್ಟ ಮನಸ್ಸು, ಅಕ್ಕನಿಗೆ ನಿಜವಾಗಿಯೂ ಸಮಾಧಾನವಾಯಿತು.

ಗಂಟಲಮ್ಮ ಹೋದ ಮೇಲೆ ತಂಗಿ ಕಣ್ಣು ಬಿಟ್ಟಳು.

"ಅಕ್ಕಾ, ಆವಾಗ ಯಾರ ಮುಖ ನೋಡ್ತಿದ್ದೆ?"

"ಯಾರದ್ದೂ ಇಲ್ಲ ಕಣೇ. ಗುಂಡಿ ಎಲ್ಲಿದೆ ಅಂತ ಹುಡುಕ್ತಿದ್ದೆ."

"ಒಂಬತ್ತು ವರ್ಷ ಆಯ್ತಲ್ಲಕ್ಕಾ, ನೀನಲ್ಲಿ ಸೇರಿ," ಎಂದಳು ತಂಗಿ.

ತಂಗಿ ಮನೆಗೆ ಬಂದ ಮರುದಿನ ಸೂಪರ್‌ವೈಸರ್ ಎಲ್ಲರಿಗೂ ಒಂದೇ ಬಿಳಿ ಸ್ಕಾರ್ಫು ಹಂಚಿದ. ಈ ಸಲ ಬಟ್ಟೆ ಸಾಕಾಗಿ ಮಿಕ್ಕಿತ್ತು. "ನಮ್ಮ ಬಣ್ಣ ನಾವು ಬಿಡಲ್ಲ," ಎಂದಳು ಗಂಟಲಮ್ಮ. ಅಕ್ಕ ಬಿಳಿ, ನೀಲಿ ಎರಡನ್ನೂ ಮನೆಗೆ ತಂದು ಕನ್ನಡಿಯ ಮುಂದಿಟ್ಟಳು. ಬಿಳಿಯದನ್ನು ಕಟ್ಟುತ್ತೇನೆಂದು ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬೆಳಿಗ್ಗೆ ಊಟದ ಬೆಂಚು ನೆನಪಾಯಿತು. ಆ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಅಜ್ಜಿ ನೆನಪಾದಳು. ನೀಲಿಯದನ್ನು ತಲೆಗೆ ಹಾಕಿ, ತುದಿಗಳನ್ನು ಹಿಂದಕ್ಕೆ ಹಿಡಿದು, ಅಭ್ಯಾಸಬಲದಿಂದ ತಂಗಿಗೆ ಬೆನ್ನು ತಿರುಗಿಸಿ ನಿಂತಳು.

ಹಿಂದೆ ಯಾರೂ ಅಲುಗಾಡಲಿಲ್ಲ. ಕನ್ನಡಿಯಲ್ಲಿ, ಮಡಿಲಿನ ಮೇಲೆ ಬ್ಯಾಂಡೇಜಿನ ಕೈ ಇಟ್ಟುಕೊಂಡು ಕುಳಿತ ತಂಗಿ ಕಂಡಳು. ಅಕ್ಕ ಗಂಟು ತಾನೇ ಹಾಕಿಕೊಂಡು ಕೆಲಸಕ್ಕೆ ಹೋದಳು.