ಗಾಣದ ಕೊಡಲಿ

ಗಾಣದ ಕಂಬಕ್ಕೆ ಒಂದು ಕೊಡಲಿ ತೂಗುಹಾಕಿರಬೇಕು, ದಿನಾ ಅದಕ್ಕೆ ಸಾಣೆ ಹಿಡಿದಿರಬೇಕು ಎನ್ನುವುದು ಕಬ್ಬು ಅರೆಯುವವರ ಕಟ್ಟಳೆ. ಕಬ್ಬು ತುರುಕುವವನ ಕೈ ಉರುಳೆಗಳ ನಡುವೆ ಸಿಕ್ಕಿಕೊಂಡರೆ, ಹತ್ತಿರ ಇದ್ದವರು ಕೇಳದೆ ಹೇಳದೆ ಆ ಕೈ ಕಡಿದುಬಿಡಬೇಕು. ಬೆದರಿದ ಎತ್ತು ಹಿಂದಕ್ಕೆ ನಡೆಯುವುದಿಲ್ಲ. ಕೈ ಹೋದರೂ ಜೀವ ಉಳಿಯುತ್ತದೆ.

ಅಂಥ ಒಂದು ಗಾಣದ ಯಜಮಾನನಿಗೆ ಕೋಪ ಮೂಗಿನ ತುದಿಯಲ್ಲೇ. ಎತ್ತಿಗೆ ಹೊಡೆಯುವ ಬಾರುಕೋಲೇ ಹೆಂಡತಿಗೂ. ಎತ್ತಿಗಾದರೆ ಹೊಡೆದ ಮೇಲೆ ಮೇವು ಹಾಕುತ್ತಿದ್ದ. ಅವನ ತಾಯಿ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತಾ, ಗಂಡ ಅಂದಮೇಲೆ ಒಂದೇಟು ಹೊಡೆಯುತ್ತಾನೆ, ಸಹಿಸಿಕೊಂಡು ಹೋಗು ಎಂದು ಸೊಸೆಗೆ ಬುದ್ಧಿ ಹೇಳುತ್ತಿದ್ದಳು. ಹೇಳುವವರಿಗೇನು, ಬೆನ್ನು ತಮ್ಮದಲ್ಲವಲ್ಲ.

ಆ ಬೆಳಿಗ್ಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುತ್ತಿತ್ತು. ಸೊಸೆ ನೊರೆ ತೆಗೆಯುತ್ತಿದ್ದಳು. ಬಣ್ಣ ಕಪ್ಪಾಯಿತೆಂದು ಗಂಡ ಅವಳ ಜಡೆ ಹಿಡಿದು ಮುಖವನ್ನು ಕೊಪ್ಪರಿಗೆಯ ಮೇಲೆ ಬಗ್ಗಿಸಿದ. ಹಬೆಗೆ ಕೆನ್ನೆಯಲ್ಲಿ ಬೊಬ್ಬೆ ಎದ್ದಿತು. ಇನ್ನೊಂದು ಸಲ ಹೀಗಾದರೆ ನಿನ್ನನ್ನೂ ಇದರಲ್ಲೇ ಬೇಯಿಸುತ್ತೇನೆ ಎಂದು ಬೈದು, ಹೋಗಿ ಗಾಣದ ಮುಂದೆ ಕೂತ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಸುತ್ತು ಬಂದಾಗಲೆಲ್ಲ ಎತ್ತಿಗೆ ಬಾರಿಸುತ್ತಾ, ನೋಡದೆಯೇ ಎಡಗೈಯಲ್ಲಿ ಕಬ್ಬು ತುರುಕುತ್ತಿದ್ದ. ಎತ್ತು ಓಡತೊಡಗಿತು. ಮೊದಲು ಅಂಗಿಯ ತೋಳು ಒಳಗೆ ಹೋಯಿತು, ಅದರ ಹಿಂದೆಯೇ ಬೆರಳು.

ಮಗನ ಕೂಗಿಗೆ ತಾಯಿ ಓಡಿಬಂದು ಎತ್ತಿನ ಹಗ್ಗಕ್ಕೆ ಜೋತುಬಿದ್ದಳು. ಏಟು ತಿಂದು ಹುಚ್ಚೆದ್ದಿದ್ದ ಎತ್ತು ಅವಳನ್ನೂ ಎಳೆದುಕೊಂಡೇ ಓಡಿತು. ಸೊಸೆ ಸೌಟು ಬಿಸಾಡಿ ಕೊಡಲಿ ಕಿತ್ತುಕೊಂಡು ಬಂದಳು. ಪ್ರೀತಿ ಉಕ್ಕಿ ಬಂದವಳಲ್ಲ, ಅವನ ಮೇಲೆ ಅವಳಿಗೆ ಹೊಟ್ಟೆ ತುಂಬ ಸಿಟ್ಟಿತ್ತು. ಆದರೂ ಕಣ್ಣೆದುರು ಒಬ್ಬ ಮನುಷ್ಯ ಅರೆದುಹೋಗುತ್ತಿದ್ದ. ಅವನನ್ನು ಉಳಿಸಬೇಕು ಎನ್ನುವುದು ಬಿಟ್ಟರೆ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅವನಿಗೆ ಕಂಡದ್ದು ಕೊಡಲಿ ಎತ್ತಿದ ಹೆಂಡತಿ. ಬಾರುಕೋಲನ್ನು ಅವಳ ಹಣೆಗೆ ಬೀಸಿದ. ರಕ್ತ ಕಣ್ಣಿಗಿಳಿಯಿತು.

“ರೀ, ಕೋಲು ಬಿಡಿ. ಕೈ ಕಡೀಬೇಕು.”

“ಅಮ್ಮಾ, ಇವಳು ನನ್ನ ಕೊಲ್ತಾಳೆ. ಹಿಡ್ಕೋ ಇವಳನ್ನ.”

ಅವನ ಮುಂಗೈ ಮೂಳೆ ಕಬ್ಬಿನ ಜಲ್ಲೆ ಮುರಿದಂತೆ ಮುರಿಯಿತು. ಅವಳು ಮತ್ತೆ ಹತ್ತಿರ ಬಂದಳು. ಅವನು ಹೊಟ್ಟೆಗೆ ಒದ್ದ. ಬಿದ್ದವಳು ಎದ್ದು ಬರುವಷ್ಟರಲ್ಲಿ ಅವನ ಮೊಣಕೈಯೂ ಒಳಗೆ ಹೋಗಿತ್ತು. ಆಗಲೂ ಕೋಲು ಬೀಸುತ್ತಲೇ ಇದ್ದ. ಕೊನೆಗೆ ಅವಳ ಕೊಡಲಿ ಬಿದ್ದದ್ದು ಭುಜದ ಬುಡಕ್ಕೆ, ರಕ್ತ ನಿಲ್ಲಿಸಲು ಬಿಗಿದು ಕಟ್ಟುವುದಕ್ಕೆ ಜಾಗವೇ ಉಳಿಯದ ಕಡೆ. ಗಾಣದ ಕೆಳಗಿನ ಮಡಕೆಯಲ್ಲಿ ಕಬ್ಬಿನ ಹಾಲು ಕೆಂಪಾಗಿತ್ತು. ಅವಳು ಬಟ್ಟೆ ಉಂಡೆ ಮಾಡಿ ಗಾಯಕ್ಕೆ ಒತ್ತಿ ಹಿಡಿದು ಕೂತಳು. ಉಸಿರು ನಿಲ್ಲುವವರೆಗೂ ಅವನು ಅವಳನ್ನು ಹೆದರಿಕೆಯಿಂದಲೇ ನೋಡುತ್ತಿದ್ದ.

ಅಕ್ಕಪಕ್ಕದವರು ಸೇರಿದರು. ಬದಿಯಲ್ಲಿ ಕೊಡಲಿ, ಕೆನ್ನೆಯಲ್ಲಿ ಬೊಬ್ಬೆ, ಎದುರಿಗೆ ಗಂಡನ ಹೆಣ. ಜನಕ್ಕೆ ಇನ್ನೇನು ಬೇಕು? ಸೇಡು ತೀರಿಸಿಕೊಂಡಳು ಎಂದು ಒಬ್ಬ ಅಂದ. ಕೊಂದವಳನ್ನು ನೇಣಿಗೆ ಹಾಕಬೇಕು ಎಂದು ಇನ್ನೊಬ್ಬ ಹಗ್ಗ ತಂದ. ಅವಳು ಇನ್ನೂ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದೇ ಇದ್ದಳು. ಎಲ್ಲರೂ ಅತ್ತೆಯ ಮುಖ ನೋಡಿದರು. ಅವಳ ಮಡಿಲಲ್ಲಿ ಮಗನ ತಲೆ ಇತ್ತು.

“ಹಗ್ಗ ಕೆಳಗಿಡ್ರೋ. ಅವಳು ಉಳ್ಸೋಕೇ ಬಂದ್ಲು, ಇವನೇ ಬಿಡ್ಲಿಲ್ಲ,” ಎಂದಳು ಮುದುಕಿ. “ಅವಳಿಗೆ ತಾನು ಏನೇನು ಮಾಡಿದಾನೆ ಅಂತ ಇವನಿಗೆ ಗೊತ್ತಿತ್ತಲ್ಲ. ಅದಕ್ಕೇ ನಂಬೋಕೆ ಆಗ್ಲಿಲ್ಲ. ಅದನ್ನೆಲ್ಲ ನೋಡ್ಕೊಂಡು ಸುಮ್ನಿದ್ದೋಳು ನಾನು. ಕಟ್ಟೋದಾದ್ರೆ ನನ್ನ ಕಟ್ಟಿ.”